ನಂಬಬೇಕಾದವರು ಯಾರು?

ನ್ಯೂಯಾರ್ಕ್ ನಗರದ 320 ಮನೋಚಿಕಿತ್ಸಕರ ಫೋನಿಗೆ ಕೆಲವು ವರ್ಷಗಳ ಹಿಂದೆ ಎರಡೆರಡು ದನಿಸಂದೇಶಗಳು ಬಂದವು. ಮನಸ್ಸು ಕುಗ್ಗಿದೆ, ವಿಮೆ ಇದೆ, ಸಂಜೆ ಹೊತ್ತು ಸಮಯ ಕೊಟ್ಟರೆ ಬರುತ್ತೇನೆ ಎಂಬುದು ಎರಡರ ಸಾರಾಂಶವೂ ಆಗಿತ್ತು. ಬೇರೆಯಾಗಿದ್ದದ್ದು ದನಿ ಮತ್ತು ಹೆಸರು ಮಾತ್ರ. ಒಂದನ್ನು ಕೇಳಿದರೆ ಬಿಳಿಯರದ್ದು ಅನ್ನಿಸುವಂತಿತ್ತು, ಇನ್ನೊಂದು ಕಪ್ಪು ಜನರದ್ದು ಅನ್ನಿಸುವಂತೆ. ಕೆಲವರಿಗೆ ಬಂದ ಎರಡೂ ದನಿ ಮಧ್ಯಮವರ್ಗದ್ದು, ಉಳಿದವರಿಗೆ ಬಂದದ್ದು ದುಡಿಯುವ ವರ್ಗದ್ದು. ಸಮಾಜಶಾಸ್ತ್ರಜ್ಞೆ ಹೆದರ್ ಕೂಗಲ್‌ಮಾಸ್ 2016ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಮಧ್ಯಮವರ್ಗದ ಬಿಳಿಯರ ಕರೆಗಳಿಗೆ ಶೇಕಡ 28ರಷ್ಟು ‘ಬನ್ನಿ’ ಎಂಬ ಉತ್ತರ ಸಿಕ್ಕಿತು. ಮಧ್ಯಮವರ್ಗದ ಕಪ್ಪು ಜನರ ಕರೆಗಳಿಗೆ ಸಿಕ್ಕಿದ್ದು ಶೇಕಡ 17. ದುಡಿಯುವ ವರ್ಗದವರ ದನಿಗಂತೂ, ಬಣ್ಣ ಯಾವುದೇ ಇರಲಿ, ಶೇಕಡ 8 ಮಾತ್ರ.

ಅಮೆರಿಕದ ಕಪ್ಪು ಸಮುದಾಯದ ಮಾನಸಿಕ ಆರೋಗ್ಯದ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಒಂದು ಮಾತಿನಿಂದ ಶುರುಮಾಡುತ್ತಾರೆ: ಈ ಜನ ಚಿಕಿತ್ಸೆಗೆ ಬರುವುದಿಲ್ಲ, ವೈದ್ಯರನ್ನು ನಂಬುವುದಿಲ್ಲ, ಎಲ್ಲವನ್ನೂ ಚರ್ಚಿಗೆ ಒಯ್ಯುತ್ತಾರೆ. ಈ ಮಾತಿನಲ್ಲಿ ಸತ್ಯದ ಅಂಶವಿದೆ. ಆದರೆ ಬಂದವರಿಗೇ ಬಾಗಿಲು ತೆರೆಯದಿದ್ದಾಗ ಬಾರದವರ ಅಪನಂಬಿಕೆಯನ್ನೇ ದೊಡ್ಡ ರೋಗವೆಂದು ಹೇಳುವುದು ನ್ಯಾಯವಲ್ಲ. ಆ ಅಪನಂಬಿಕೆ ಎಲ್ಲಿಂದ ಬಂತು, ಅದನ್ನು ಕಳೆಯುವ ಹೊಣೆ ಯಾರದು, ‘ಸಂಸ್ಕೃತಿಗೆ ಹೊಂದುವ ಚಿಕಿತ್ಸೆ’ ಎಂದು ಈಗ ಎಲ್ಲ ಕಡೆ ಕೇಳಿಬರುವ ಮಾತಿನಲ್ಲಿ ಎಷ್ಟು ಜೀವವಿದೆ ಎಂಬುದನ್ನು ಇಲ್ಲಿ ನೋಡಬೇಕಾಗಿದೆ.

1840ರಲ್ಲಿ ಅಮೆರಿಕದ ಜನಗಣತಿ ಮೊದಲ ಬಾರಿಗೆ ಬುದ್ಧಿಭ್ರಮಣೆಯಾದವರನ್ನೂ ಎಣಿಸಿತು. ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳ ಕಪ್ಪು ಜನರಲ್ಲಿ ಹುಚ್ಚು ವಿಪರೀತ ಎಂದು ಅದರ ಅಂಕಿಗಳು ಹೇಳಿದವು. ಸ್ವಾತಂತ್ರ್ಯ ಕೊಟ್ಟರೆ ಇವರಿಗೆ ತಲೆ ಕೆಡುತ್ತದೆ, ಗುಲಾಮಗಿರಿಯೇ ಇವರಿಗೆ ರಕ್ಷೆ ಎಂದು 1844ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ಯಾಲ್‌ಹೂನ್ ಅದೇ ಅಂಕಿಗಳನ್ನು ಹಿಡಿದು ವಾದಿಸಿದ. ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ ಕೂತು ಲೆಕ್ಕ ತಾಳೆ ನೋಡಿದಾಗ ಬೇರೆಯೇ ಕಥೆ ಹೊರಬಂತು. ವೂಸ್ಟರ್ ಊರಿನ ಲೆಕ್ಕದಲ್ಲಿ ಕಪ್ಪು ಬಣ್ಣದ ಹುಚ್ಚರೆಂದು ಬರೆದಿದ್ದ 133 ಮಂದಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಬಿಳಿಯ ರೋಗಿಗಳಾಗಿದ್ದರು. ಕೆಲವು ಊರುಗಳಲ್ಲಿ ಕಪ್ಪು ಜನರ ಒಟ್ಟು ಸಂಖ್ಯೆಗಿಂತ ಕಪ್ಪು ಹುಚ್ಚರ ಸಂಖ್ಯೆಯೇ ಹೆಚ್ಚಿತ್ತು! ಅಮೆರಿಕದಲ್ಲಿ ಅವಕಾಶ ಸಿಗದೆ ಗ್ಲಾಸ್ಗೋಗೆ ಹೋಗಿ ಓದಿ, ವೈದ್ಯ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಜೇಮ್ಸ್ ಮೆಕ್ಯೂನ್ ಸ್ಮಿತ್ ಕೂಡ ಈ ಅಂಕಿಗಳ ಸುಳ್ಳನ್ನು ಬಿಡಿಸಿಟ್ಟರು. ಆದರೂ ಜನಗಣತಿಯನ್ನು ಸರಿಪಡಿಸಲಿಲ್ಲ.

ಅದಾಗಿ ಕೆಲವೇ ವರ್ಷಗಳಲ್ಲಿ, 1851ರಲ್ಲಿ, ಲೂಯಿಸಿಯಾನದ ವೈದ್ಯ ಸ್ಯಾಮ್ಯುಯಲ್ ಕಾರ್ಟ್‌ರೈಟ್ ಒಂದು ಹೊಸ ಕಾಯಿಲೆಯನ್ನು ಹೆಸರಿಸಿದ. ಒಡೆಯನನ್ನು ಬಿಟ್ಟು ಓಡಿಹೋಗಬೇಕು ಎಂದು ಗುಲಾಮನಿಗೆ ಅನ್ನಿಸುವುದೇ ಆ ಕಾಯಿಲೆ. ಡ್ರಾಪೆಟೊಮೇನಿಯಾ ಎಂದು ಗ್ರೀಕ್ ಮೂಲದ ಹೆಸರು ಕೊಟ್ಟ. ಓಡುವ ಸೂಚನೆ ಕಂಡರೆ ಚಾಟಿಯೇಟು ಎಂದು ಮದ್ದನ್ನೂ ಬರೆದ. ಇವನನ್ನು ಯಾರೋ ತಿಕ್ಕಲು ಎಂದು ತಳ್ಳಿಹಾಕುವಂತಿಲ್ಲ. ಇವನು ಇದನ್ನು ವೈದ್ಯರ ಸಂಘದ ಮುಂದೆ ಓದಿದ, ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಮಾಡಿತು. ಮನುಷ್ಯನೊಬ್ಬನ ಅತ್ಯಂತ ಆರೋಗ್ಯವಂತ ಆಸೆಯನ್ನು ರೋಗವೆಂದು ಕರೆಯುವ ಅಧಿಕಾರ ಆ ಕಾಲದ ವೈದ್ಯಶಾಸ್ತ್ರಕ್ಕಿತ್ತು.

ಗುಲಾಮಗಿರಿ ಹೋದ ಮೇಲೆ ಕಪ್ಪು ಜನರಿಗೆಂದೇ ಪ್ರತ್ಯೇಕ ಹುಚ್ಚಾಸ್ಪತ್ರೆಗಳು ಎದ್ದವು. ಮೇರಿಲ್ಯಾಂಡ್‌ನ ಕ್ರೌನ್ಸ್‌ವಿಲ್ ಆಸ್ಪತ್ರೆಯನ್ನು 1911ರಲ್ಲಿ ಕಟ್ಟಿದ್ದು ಗುತ್ತಿಗೆದಾರರ ಆಳುಗಳಲ್ಲ, ಅಲ್ಲಿ ಚಿಕಿತ್ಸೆಗೆಂದು ತಂದ ಕಪ್ಪು ರೋಗಿಗಳು. ಮೊದಲು ಬಂದ 12 ಮಂದಿ ಕಾಡು ಕಡಿದು ನೆಲ ಹಸನು ಮಾಡಿದರು. 1950ರ ದಶಕದಲ್ಲಿ ಅಲ್ಲಿ 2,700ರಷ್ಟು ಜನರನ್ನು ತುಂಬಲಾಗಿತ್ತು. ಕಪ್ಪು ಹೆಂಗಸು ಹೆನ್ರಿಯೆಟಾ ಲ್ಯಾಕ್ಸ್ ಹೆಸರನ್ನು ನಮ್ಮ ವಿಜ್ಞಾನದ ಓದುಗರು ಬಲ್ಲರು. ಅವಳನ್ನು ಕೇಳದೆಯೇ ತೆಗೆದ ಅವಳ ಜೀವಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬೆಳೆಯುತ್ತಿದ್ದ ಹೊತ್ತಿನಲ್ಲಿ ಅವಳ ಮಗಳು ಎಲ್ಸಿ ಇದೇ ಕ್ರೌನ್ಸ್‌ವಿಲ್‌ನಲ್ಲಿ 1955ರಲ್ಲಿ ತೀರಿಕೊಂಡಳು. ಹುಡುಗಿಗೆ ಆಗ 15 ವರ್ಷ. ಆಸ್ಪತ್ರೆಯ ಸ್ಮಶಾನದ ಎಷ್ಟೋ ಸಮಾಧಿಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ ಇದೆ. ಇಂಥ ಜಾಗದ ಮಾತು ಕಿವಿಗೆ ಬೀಳುತ್ತಲೇ ಬೆಳೆದವರು ಆಸ್ಪತ್ರೆಯ ಗೇಟನ್ನು ಕಂಡು ಹಿಂದೆ ಸರಿದರೆ ಅದನ್ನು ಅಜ್ಞಾನ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಟಸ್ಕೀಗಿಯಲ್ಲಿ 1932ರಿಂದ 1972ರ ತನಕ 399 ಕಪ್ಪು ಗಂಡಸರ ಸಿಫಿಲಿಸ್‌ಗೆ ಮದ್ದು ಕೊಡದೆ ಸುಮ್ಮನೆ ನೋಡುತ್ತ ಕೂತ ಸರ್ಕಾರಿ ಪ್ರಯೋಗವೂ ಇದೇ ನೆನಪಿನ ಭಾಗ.

ಹಾಗೆಂದು ಕಪ್ಪು ಜನ ಬರೀ ನೊಂದು ಕೂತಿರಲಿಲ್ಲ. ಲೈಬೀರಿಯಾದಲ್ಲಿ ಹುಟ್ಟಿದ ಸಾಲಮನ್ ಕಾರ್ಟರ್ ಫುಲ್ಲರ್ ಮ್ಯೂನಿಕ್‌ಗೆ ಹೋಗಿ ಅಲೋಯಿಸ್ ಆಲ್ಝೈಮರ್ ಜೊತೆ ಕೆಲಸ ಮಾಡಿ ಬಂದವರು, ಅಮೆರಿಕದ ಮೊದಲ ಕಪ್ಪು ಮನೋವೈದ್ಯರು. ಆಲ್ಝೈಮರ್ ಕಾಯಿಲೆಯ ಬಗ್ಗೆ ಇಂಗ್ಲಿಷ್‌ನಲ್ಲಿ ಮೊದಲ ಸಮಗ್ರ ಬರಹ ಬಂದದ್ದು ಅವರಿಂದಲೇ, 1912ರಲ್ಲಿ. ತಮಗಿಂತ ಕಿರಿಯ ಬಿಳಿಯರೊಬ್ಬರಿಗೆ ಮೇಲಿನ ಹುದ್ದೆ ಕೊಟ್ಟಾಗ ಅವರು 1933ರಲ್ಲಿ ಅಧ್ಯಾಪಕ ವೃತ್ತಿಯಿಂದ ಹೊರಬಂದರು.

ನನ್ನ ಮನಸ್ಸು ಮಾತ್ರ ಹೆಚ್ಚು ಹೊತ್ತು ನಿಲ್ಲುವುದು 1946ರ ಹಾರ್ಲೆಮ್‌ನಲ್ಲಿ. ಆ ವರ್ಷ ನ್ಯೂಯಾರ್ಕ್‌ನ ಈ ಕಪ್ಪು ಜನರ ಬಡಾವಣೆಯಲ್ಲಿ ಎರಡು ನೆಲಮಾಳಿಗೆಗಳಲ್ಲಿ ಎರಡು ಚಿಕಿತ್ಸಾಲಯಗಳು ಬಾಗಿಲು ತೆರೆದವು. ಒಂದು, ಸೇಂಟ್ ಫಿಲಿಪ್ಸ್ ಚರ್ಚಿಗೆ ಸೇರಿದ ಕಟ್ಟಡದಲ್ಲಿದ್ದ ಲಫಾರ್ಗ್ ಕ್ಲಿನಿಕ್. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಮತ್ತು ಕಾದಂಬರಿಕಾರ ರಿಚರ್ಡ್ ರೈಟ್ ಸೇರಿ ಹುಟ್ಟುಹಾಕಿದ್ದು. ಸರ್ಕಾರದ ಹಣವಿಲ್ಲ, ವೈದ್ಯರಿಗೆ ಸಂಬಳವಿಲ್ಲ. ವಾರಕ್ಕೆ ಎರಡು ಸಂಜೆ ಮಾತ್ರ ತೆರೆದಿರುತ್ತಿತ್ತು. ಫೀಜು 25 ಸೆಂಟ್, ಅದೂ ಇಲ್ಲದವರಿಗೆ ಉಚಿತ. ಕೆಲಸ ಮುಗಿಸಿ ಬಂದವರು ಮೆಟ್ಟಿಲಿಳಿದು ಸರದಿಗೆ ಕಾಯುತ್ತಿದ್ದರು. ಬಾಡಿಗೆಯ ಚಿಂತೆ, ಪೊಲೀಸರ ಕಾಟ, ಶಾಲೆಯಲ್ಲಿ ಮಗನನ್ನು ಮಂದಬುದ್ಧಿ ಎಂದದ್ದು, ಎಲ್ಲವೂ ರೋಗಿಯ ಕತೆಯ ಭಾಗವೆಂದೇ ಅಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಕಥೆಗಾರ ರಾಲ್ಫ್ ಎಲಿಸನ್ ಈ ಕ್ಲಿನಿಕ್ ಕುರಿತೇ ಒಂದು ಪ್ರಬಂಧ ಬರೆದ.

ಇನ್ನೊಂದು, ಮೇಮಿ ಕ್ಲಾರ್ಕ್ ಮತ್ತು ಕೆನ್ನೆತ್ ಕ್ಲಾರ್ಕ್ ದಂಪತಿ ಡನ್‌ಬಾರ್ ವಸತಿಸಮುಚ್ಚಯದ ನೆಲಮಾಳಿಗೆಯಲ್ಲಿ ಮಕ್ಕಳಿಗಾಗಿ ತೆರೆದ ಕೇಂದ್ರ. ಇವರ ಗೊಂಬೆ ಪ್ರಯೋಗ ಪ್ರಸಿದ್ಧ. ಬಣ್ಣ ಬಿಟ್ಟರೆ ಎಲ್ಲದರಲ್ಲೂ ಒಂದೇ ಥರದ ಗೊಂಬೆಗಳನ್ನು ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದಿಟ್ಟು, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು, ಯಾವುದು ನಿನ್ನ ಹಾಗಿದೆ ಎಂದು ಕೇಳುತ್ತಿದ್ದರು. ಹೆಚ್ಚಿನ ಮಕ್ಕಳು ಒಳ್ಳೆಯದೆಂದು ತೋರಿಸಿದ್ದು ಬಿಳಿ ಗೊಂಬೆಯನ್ನು. ಕೊನೆಯ ಪ್ರಶ್ನೆಗೆ ಕೆಲವು ಮಕ್ಕಳು ಅತ್ತು ಕೋಣೆಯಿಂದ ಓಡಿದ್ದೂ ಉಂಟು. ಲಫಾರ್ಗ್‌ನ ವೈದ್ಯರು ಡೆಲವೇರ್ ರಾಜ್ಯದ ಮಕ್ಕಳನ್ನು ಪರೀಕ್ಷಿಸಿದರು, ಪ್ರತ್ಯೇಕ ಶಾಲೆ ಮಗುವಿನ ಮನಸ್ಸಿಗೆ ಏನು ಮಾಡುತ್ತದೆ ಎಂದು ವರ್ಥಮ್ ಅಲ್ಲಿನ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಕ್ಲಾರ್ಕ್ ದಂಪತಿಯ ಕೆಲಸವೂ ಅದೇ ಹೋರಾಟಕ್ಕೆ ಬಲವಾಯಿತು. 1954ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿನ ವರ್ಣಭೇದವನ್ನು ಅಸಿಂಧುಗೊಳಿಸಿತು. ಮಕ್ಕಳ ಮನಸ್ಸಿಗೆ ಮದ್ದು ಅರೆಯುತ್ತಿದ್ದವರೇ ಆ ಮನಸ್ಸನ್ನು ಕೆಡಿಸುವ ಕಾನೂನಿನ ವಿರುದ್ಧವೂ ನಿಂತರು. ಇವತ್ತಿನ ಚರ್ಚೆಗಳಲ್ಲಿ ‘ನ್ಯಾಯ’ ಒಂದು ಇಲಾಖೆ, ‘ಚಿಕಿತ್ಸೆ’ ಇನ್ನೊಂದು ಇಲಾಖೆ ಎಂಬಂತೆ ಮಾತು ಸಾಗುತ್ತದೆ. ಹಾರ್ಲೆಮ್‌ನ ಆ ನೆಲಮಾಳಿಗೆಗಳಿಗೆ ಅಂಥ ಗೋಡೆ ಇರಲಿಲ್ಲ.

ಆದರೆ ಮುಖ್ಯವಾಹಿನಿಯ ಮನೋವೈದ್ಯಶಾಸ್ತ್ರ ಹೋದ ದಾರಿ ಬೇರೆ. ನಾಗರಿಕ ಹಕ್ಕುಗಳ ಚಳವಳಿ ಏರಿದ್ದ 1968ರಲ್ಲಿ ಇಬ್ಬರು ಮನೋವೈದ್ಯರು ‘ಪ್ರತಿಭಟನೆಯ ಮನೋವಿಕಾರ’ ಎಂಬ ರೋಗವನ್ನು ವರ್ಣಿಸಿದರು. ಕಪ್ಪು ಗಂಡಸರ ಸಿಟ್ಟು, ಆಫ್ರಿಕದ ಹೆಸರಿಟ್ಟುಕೊಳ್ಳುವುದು, ಬಿಳಿಯರ ಮೇಲಿನ ಶಂಕೆ, ಎಲ್ಲವೂ ಲಕ್ಷಣಗಳಾದವು. 1974ರಲ್ಲಿ ಒಂದು ಔಷಧದ ಜಾಹೀರಾತು ಮುಷ್ಟಿ ಬಿಗಿದ ಕಪ್ಪು ಗಂಡಸಿನ ಚಿತ್ರದೊಂದಿಗೇ ಬಂತು. ಮನೋವೈದ್ಯ ಜೊನಾಥನ್ ಮೆಟ್ಝಲ್ ಮಿಶಿಗನ್‌ನ ಅಯೋನಿಯಾ ಆಸ್ಪತ್ರೆಯ ಹಳೆಯ ಕಡತಗಳನ್ನು ಬಿಚ್ಚಿ ತೋರಿಸಿದ್ದು ಇದನ್ನೇ. ಸ್ಕಿಜೋಫ್ರೇನಿಯಾ ಒಂದು ಕಾಲಕ್ಕೆ ಮಂಕಾಗಿ ಕೂತ ಬಿಳಿಯ ಗೃಹಿಣಿಯರ ರೋಗವಾಗಿತ್ತು, 60ರ ದಶಕದಲ್ಲಿ ಅದು ಸಿಟ್ಟಾದ ಕಪ್ಪು ಗಂಡಸರ ರೋಗವಾಯಿತು.

ಇದರ ನೆರಳು ಇನ್ನೂ ಸರಿದಿಲ್ಲ. ಅಮೆರಿಕದಲ್ಲಿ ಬಿಳಿಯರಿಗಿಂತ ಕಪ್ಪು ಜನರಿಗೆ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಕಂಡಿದ್ದಾರೆ. ಖಿನ್ನತೆಯ ಲಕ್ಷಣಗಳು ಕಣ್ಣೆದುರಿಗಿದ್ದರೂ ವೈದ್ಯರ ನೋಟ ಮೊದಲು ಶಂಕೆ, ಭ್ರಮೆಗಳ ಕಡೆ ಹರಿಯುತ್ತದೆ. ‘ನನ್ನನ್ನು ಯಾರೋ ಗಮನಿಸುತ್ತಿದ್ದಾರೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕಾವಲುಗಾರ ಹಿಂದೆ ಹಿಂದೆಯೇ ಬರುವುದನ್ನು ಚಿಕ್ಕಂದಿನಿಂದ ಕಂಡವನು ಆಡಿದಾಗ ಅದು ಭ್ರಮೆಯೋ, ಅನುಭವವೋ? ಎರಡೂ ಆಗಿರಬಹುದು. ಬಿಡಿಸಿ ನೋಡಲು ಸಮಯ ಬೇಕು, ಅದಕ್ಕಿಂತ ಮೊದಲು ಆ ಅನುಭವ ನಿಜವಿರಬಹುದು ಎಂದು ಒಪ್ಪುವ ಮನಸ್ಸು ಬೇಕು.

ಇಂಗ್ಲೆಂಡಿನ ಚಿತ್ರ ಇನ್ನೂ ಸ್ಪಷ್ಟ. ಅಲ್ಲಿ ಚಿಕಿತ್ಸೆಗೆ ವಿಮೆ ಬೇಕಿಲ್ಲ, ಆಸ್ಪತ್ರೆ ಎಲ್ಲರದ್ದು. ಆದರೂ ಮಾನಸಿಕ ಆರೋಗ್ಯ ಕಾಯ್ದೆಯಡಿ ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನ ಒತ್ತಾಯದಿಂದ ದಾಖಲಾಗುವ ಪ್ರಮಾಣ ಬಿಳಿಯರ ಮೂರೂವರೆ ಪಟ್ಟು, ಕೆಲವು ವರ್ಷ ಅದಕ್ಕೂ ಹೆಚ್ಚು. 2010ರಲ್ಲಿ ಒಲಸೇನಿ ಲೂಯಿಸ್ ಎಂಬ 23ರ ಕಪ್ಪು ಯುವಕ ತಂದೆತಾಯಿಯ ಜೊತೆ ತಾನಾಗಿಯೇ ಲಂಡನ್‌ನ ಮಾನಸಿಕ ಆಸ್ಪತ್ರೆಗೆ ಬಂದ. ರಾತ್ರಿ ಅಲ್ಲಿಗೆ ಪೊಲೀಸರನ್ನು ಕರೆಸಲಾಯಿತು. 11 ಮಂದಿ ಪೊಲೀಸರು ಸರದಿಯಂತೆ ಅವನನ್ನು ನೆಲಕ್ಕೆ ಒತ್ತಿ ಹಿಡಿದರು. ಅವನಿಗೆ ಮತ್ತೆ ಎಚ್ಚರ ಬರಲಿಲ್ಲ. ತಾಯಿ ಅಜಿ ಲೂಯಿಸ್ ವರ್ಷಗಟ್ಟಲೆ ನ್ಯಾಯಕ್ಕಾಗಿ ಓಡಾಡಿದರು. ಮಾನಸಿಕ ಆಸ್ಪತ್ರೆಗಳಲ್ಲಿ ಬಲಪ್ರಯೋಗಕ್ಕೆ ಕಡಿವಾಣ ಹಾಕುವ 2018ರ ಕಾಯ್ದೆಯನ್ನು ಇವತ್ತು ಅಲ್ಲಿ ಅವನ ಹೆಸರಿನಲ್ಲೇ, ‘ಸೇನಿಯ ಕಾನೂನು’ ಎಂದೇ ಕರೆಯುತ್ತಾರೆ.

ಅಮೆರಿಕದ ರಾಚೆಸ್ಟರ್‌ನಲ್ಲಿ 2020ರ ಮಾರ್ಚ್‌ನಲ್ಲಿ ಡೇನಿಯಲ್ ಪ್ರೂಡ್ ಎಂಬ ಕಪ್ಪು ವ್ಯಕ್ತಿ ತಲೆ ಕೆಟ್ಟು, ಚಳಿಯಲ್ಲಿ ಬೀದಿಗೆ ಓಡಿದಾಗ ಅಣ್ಣ ಸಹಾಯಕ್ಕೆಂದು ಫೋನ್ ಮಾಡಿದ. ಬಂದವರು ಪೊಲೀಸರು. ತಲೆಗೆ ಮುಸುಕು ಹಾಕಿ ನೆಲಕ್ಕೆ ಒತ್ತಿದರು, ಒಂದು ವಾರದಲ್ಲಿ ಅವನು ತೀರಿಕೊಂಡ. ಇಂಥ ಸಾವುಗಳ ಪೆಟ್ಟು ಒಂದು ಮನೆಗೆ ನಿಲ್ಲುವುದಿಲ್ಲ. ನಿರಾಯುಧ ಕಪ್ಪು ವ್ಯಕ್ತಿಯನ್ನು ಪೊಲೀಸರು ಕೊಂದ ಮೂರು ತಿಂಗಳೊಳಗೆ ಆ ರಾಜ್ಯದ ಇತರ ಕಪ್ಪು ಜನರ ಮಾನಸಿಕ ಆರೋಗ್ಯವೂ ಕುಸಿಯುತ್ತದೆ, ಬಿಳಿಯರದ್ದು ಕುಸಿಯುವುದಿಲ್ಲ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಧ್ಯಯನ ತೋರಿಸಿತು. ನಿತ್ಯದ ಅವಮಾನ ದೇಹವನ್ನೂ ಸವೆಸುತ್ತದೆ ಎಂಬ ವಾದವನ್ನು ಆರ್ಲೀನ್ ಜೆರೊನಿಮಸ್ 1992ರಲ್ಲೇ ಮುಂದಿಟ್ಟಿದ್ದರು. ದೊಡ್ಡ ಹೊಡೆತವಲ್ಲದ, ಕಣ್ಣಿಗೆ ಕಾಣದಷ್ಟು ಸಣ್ಣ ಚುಚ್ಚುಗಳಿಗೆ ‘ಮೈಕ್ರೋಅಗ್ರೆಶನ್’ ಎಂದು ಹೆಸರಿಟ್ಟ ಚೆಸ್ಟರ್ ಪಿಯರ್ಸ್ ಸ್ವತಃ ಕಪ್ಪು ಮನೋವೈದ್ಯರು, 1969ರಲ್ಲಿ ಹುಟ್ಟಿದ ಕಪ್ಪು ಮನೋವೈದ್ಯರ ಸಂಘದ ಮೊದಲ ಅಧ್ಯಕ್ಷರು.

ಇದಕ್ಕೆಲ್ಲ ಪರಿಹಾರವೆಂದು ಬಂದದ್ದು ಸಂಸ್ಕೃತಿಯ ಮಾತು. ಚಿಕಿತ್ಸೆಯಲ್ಲಿ ಸಂಸ್ಕೃತಿ ಲೆಕ್ಕಕ್ಕೆ ಬರುತ್ತದೆ ಎಂದು ಅಮೆರಿಕದ ಸರ್ಜನ್ ಜನರಲ್ ಡೇವಿಡ್ ಸ್ಯಾಚರ್ 2001ರ ವರದಿಯಲ್ಲಿ ಸಾರಿದರು. ನರ್ಸಿಂಗ್ ಶಾಲೆ, ವೈದ್ಯ ಕಾಲೇಜುಗಳಲ್ಲಿ ‘ಸಾಂಸ್ಕೃತಿಕ ಸಾಮರ್ಥ್ಯ’ ಎಂಬ ಪಾಠಗಳು ಅದಕ್ಕೂ ಮೊದಲೇ ಶುರುವಾಗಿದ್ದವು. ಈ ಪಾಠದ ಅಪಾಯವನ್ನು ಮೆಲನಿ ಟೆರ್ವಲೋನ್ ಮತ್ತು ಜ್ಯಾನ್ ಮರ್ರೆ-ಗಾರ್ಸಿಯಾ 1998ರಲ್ಲೇ ಒಂದು ಪ್ರಸಂಗದ ಮೂಲಕ ಹೇಳಿದ್ದರು. ಶಸ್ತ್ರಚಿಕಿತ್ಸೆಯಾಗಿ ಕೆಲವು ಗಂಟೆ ಕಳೆದ ಲ್ಯಾಟಿನೊ ಹೆಂಗಸೊಬ್ಬಳು ನರಳುತ್ತಿದ್ದಾಳೆ. ಅದೇ ಸಮುದಾಯದ ವೈದ್ಯ ಹಾಸಿಗೆ ಬಳಿ ಬಂದು, ತುಂಬ ನೋವಿರುವಂತಿದೆ ಎನ್ನುತ್ತಾನೆ. ನರ್ಸ್ ಒಪ್ಪುವುದಿಲ್ಲ. ಈ ಜನ ನೋವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸಿಕೊಳ್ಳುತ್ತಾರೆಂದು ತಾನು ಸಂಸ್ಕೃತಿಯ ಪಾಠದಲ್ಲಿ ಓದಿದ್ದೇನೆ ಎನ್ನುತ್ತಾಳೆ. ಆ ನರ್ಸ್ ಆಫ್ರಿಕನ್ ಅಮೆರಿಕನ್. ಬಣ್ಣವೂ ರಕ್ಷಿಸಲಿಲ್ಲ, ಪಾಠವೂ ರಕ್ಷಿಸಲಿಲ್ಲ. ಎದುರಿಗಿದ್ದ ಹೆಂಗಸನ್ನು ಕೇಳಿದ್ದರೆ ಸಾಕಿತ್ತು. ಸಾಮರ್ಥ್ಯದ ಬದಲು ವಿನಯ ಇರಲಿ, ರೋಗಿಯೇ ನಮಗೆ ಕಲಿಸಲಿ ಎಂಬುದು ಇವರಿಬ್ಬರ ವಾದ. ನಾನು ಅವರ ಪಕ್ಷ.

ಹಾಗಾದರೆ ಕಪ್ಪು ರೋಗಿಗೆ ಕಪ್ಪು ವೈದ್ಯರೇ ಬೇಕೆ? ಹಲವರು ಹಾಗೆ ಬಯಸುತ್ತಾರೆ, ಅದಕ್ಕೆ ಕಾರಣವೂ ಇದೆ. ಎಲ್ಲ ಸಮುದಾಯಗಳನ್ನು ಒಟ್ಟಿಗೆ ತೆಗೆದುಕೊಂಡರೆ ಬಣ್ಣ ಹೊಂದಿದ ಮಾತ್ರಕ್ಕೆ ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ, ಆಫ್ರಿಕನ್ ಅಮೆರಿಕನ್ನರಲ್ಲಿ ಮಾತ್ರ ಸ್ವಲ್ಪ ಪ್ರಯೋಜನ ಕಂಡಿದೆ. ಬಯಸಿದರೂ ಸಿಗುವುದು ಕಷ್ಟ. ಜನಸಂಖ್ಯೆಯಲ್ಲಿ ಶೇಕಡ 13ರಷ್ಟಿರುವ ಕಪ್ಪು ಜನ ಅಮೆರಿಕದ ಮನೋವೈದ್ಯರಲ್ಲಿ ಶೇಕಡ 2ರ ಆಸುಪಾಸಿನಲ್ಲಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘಕ್ಕೆ ಮೊದಲ ಕಪ್ಪು ಅಧ್ಯಕ್ಷೆ, ಆಲ್ತಾ ಸ್ಟೂವರ್ಟ್, ಸಿಕ್ಕಿದ್ದು 2018ರಲ್ಲಿ. ಅದೇ ಸಂಘ 2021ರ ಜನವರಿಯಲ್ಲಿ ತನ್ನ ವೃತ್ತಿಯ ವರ್ಣಭೇದಕ್ಕಾಗಿ ಕ್ಷಮೆ ಕೇಳಿತು, ಅಕ್ಟೋಬರ್‌ನಲ್ಲಿ ಮನಶ್ಶಾಸ್ತ್ರಜ್ಞರ ಸಂಘವೂ ಕೇಳಿತು.

ಸಂಸ್ಕೃತಿಗೆ ಹೊಂದಿಸಿದ ಚಿಕಿತ್ಸೆಗಳ ಮೇಲಿನ ಸಂಶೋಧನೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಒಂದು ಅಂಶ. ಭಾಷೆ, ಗೋಡೆಯ ಮೇಲಿನ ಚಿತ್ರ, ಹಬ್ಬದ ಮಾತು, ಇವುಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ರೋಗದ ವಿವರಣೆಯನ್ನು ಹೊಂದಿಸಿದ್ದು. ನನಗೆ ಯಾಕೆ ಹೀಗಾಯಿತು ಎಂಬುದಕ್ಕೆ ರೋಗಿ ಕೊಡುವ ಕಾರಣದಿಂದಲೇ ಚಿಕಿತ್ಸೆ ಹೊರಟರೆ ಫಲ ಹೆಚ್ಚು ಎಂದು 2011ರ ಒಂದು ದೊಡ್ಡ ವಿಶ್ಲೇಷಣೆ ಹೇಳಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನವೂ ಸೇರಿತು. ನಿಮ್ಮ ತೊಂದರೆಯನ್ನು ಮನೆಯವರಿಗೆ ಹೇಗೆ ಹೇಳುತ್ತೀರಿ, ಇದಕ್ಕೆ ಕಾರಣ ಏನೆಂದು ನಿಮಗನ್ನಿಸುತ್ತದೆ ಎಂಬಂಥ ಸರಳ ಪ್ರಶ್ನೆಗಳು.

ಮಾರ್ಟಿನಿಕ್ ದ್ವೀಪದ ಕಪ್ಪು ಮನೋವೈದ್ಯ ಫ್ರಾನ್ಜ್ ಫ್ಯಾನನ್ ಈ ಪಾಠವನ್ನು ಸೋತು ಕಲಿತವರು. 1953ರಲ್ಲಿ ಅಲ್ಜೀರಿಯಾದ ಬ್ಲಿದಾ ಆಸ್ಪತ್ರೆಗೆ ಬಂದಾಗ ಯುರೋಪಿಯನ್ ಹೆಂಗಸರ ವಾರ್ಡಿನಲ್ಲಿ ಸಭೆ, ಹಬ್ಬ, ವಾರ್ಡಿನದ್ದೇ ಪತ್ರಿಕೆ ಎಂದು ಶುರುಮಾಡಿದರು, ರೋಗಿಗಳು ಚೇತರಿಸಿಕೊಂಡರು. ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಅದೇ ಕ್ರಮ ನೆಲಕಚ್ಚಿತು. ರೋಗಿಗಳೇ ಹಾಗೆ ಎನ್ನಲಿಲ್ಲ ಫ್ಯಾನನ್. ಅವರ ಬದುಕನ್ನು ಕೇಳದೆ ಬೇರೊಬ್ಬರ ಬದುಕನ್ನು ತಂದು ಹೇರಿದ್ದೆವು ಎಂದು ಸಹೋದ್ಯೋಗಿಯ ಜೊತೆ ಬರೆದು ಪ್ರಕಟಿಸಿದರು. ಆಮೇಲೆ ವಾರ್ಡಿನಲ್ಲಿ ಅವರ ರೂಢಿಯ ಕಾಫಿಖಾನೆ ಬಂತು, ಅವರ ಹಬ್ಬಗಳು ಬಂದವು, ಕತೆ ಹೇಳುವವನು ಬಂದ.

ಅಲ್ಲಿಂದ ಅರ್ಧ ಶತಮಾನ ಕಳೆದು, 2006ರಲ್ಲಿ, ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 14 ಮಂದಿ ಅಜ್ಜಿಯರನ್ನು ಕಟ್ಟಿಕೊಂಡು ಒಂದು ಕೆಲಸ ಶುರುಮಾಡಿದರು. ಅದಕ್ಕೂ ಮೊದಲು, ಬಸ್ಸಿನ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದ ಚಿಬಾಂಡಾರ ಒಬ್ಬ ರೋಗಿ ಆತ್ಮಹತ್ಯೆ ಮಾಡಿಕೊಂಡಿದ್ದಳು. ಆರೋಗ್ಯ ಕೇಂದ್ರದ ಅಂಗಳದ ಮರದಡಿ ಒಂದು ಬೆಂಚು, ಅದರ ಮೇಲೆ ಒಬ್ಬ ತರಬೇತಾದ ಅಜ್ಜಿ. ವೈದ್ಯರು ಇಟ್ಟ ಹೆಸರು ‘ಮಾನಸಿಕ ಆರೋಗ್ಯದ ಬೆಂಚು’. ಯಾರೂ ಬರಲಿಲ್ಲ. ಈ ಹೆಸರಿಗೆ ಯಾರೂ ಬರುವುದಿಲ್ಲ, ಗೆಳೆತನದ ಬೆಂಚು ಎನ್ನಿ ಎಂದರು ಅಜ್ಜಿಯರು. ಜನ ಬಂದರು. ಖಿನ್ನತೆ ಎಂಬ ಪದವನ್ನೂ ಅಜ್ಜಿಯರು ಬಳಸುವುದಿಲ್ಲ. ಶೋನಾ ಭಾಷೆಯ ‘ಕುಫುಂಗಿಸಿಸ’ ಎನ್ನುತ್ತಾರೆ, ಯೋಚನೆ ವಿಪರೀತವಾಗುವುದು ಎಂದು ಅರ್ಥ. ‘ಮನಸ್ಸಿಗೆ ಬಹಳ ಹಚ್ಚಿಕೊಂಡಿದ್ದಾಳೆ’ ಎಂದು ನಮ್ಮ ಹಳ್ಳಿಯ ಹೆಂಗಸರು ಹೇಳುವುದು ಇದರ ಹತ್ತಿರದ ಮಾತೇ. 2016ರ ಪ್ರಯೋಗದಲ್ಲಿ ಈ ಬೆಂಚಿಗೆ ಬಂದವರು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಚೇತರಿಸಿಕೊಂಡಿದ್ದರು. ಈ ಕೆಲಸಕ್ಕೆ ಬಳಸಿದ ಶೋನಾ ಪ್ರಶ್ನಾವಳಿಯನ್ನು 90ರ ದಶಕದಲ್ಲಿ ಹರಾರೆಯಲ್ಲಿದ್ದು ರೂಪಿಸಿದವರಲ್ಲಿ ಮುಂಬೈ ಮೂಲದ ವಿಕ್ರಮ್ ಪಟೇಲ್ ಪ್ರಮುಖರು. ಮುಂದೆ ಗೋವಾದಲ್ಲಿ ಊರಿನ ಸಾಮಾನ್ಯ ಜನರನ್ನೇ ಆಪ್ತಸಮಾಲೋಚಕರಾಗಿ ತರಬೇತು ಮಾಡಿದವರೂ ಅವರೇ. ಈಗ ಆ ಬೆಂಚು ಅಮೆರಿಕದ ಊರುಗಳಿಗೂ ಹೋಗಿದೆ.

ಅಮೆರಿಕದೊಳಗೂ ಸಮುದಾಯ ತನ್ನ ದಾರಿ ಹುಡುಕಿಕೊಂಡಿದೆ. ಅರ್ಕನ್ಸಾಸ್‌ನ ಲೊರೆಂಜೊ ಲೂಯಿಸ್ 2016ರಲ್ಲಿ ಶುರುಮಾಡಿದ ‘ಕನ್ಫೆಸ್ ಪ್ರಾಜೆಕ್ಟ್’ ಕ್ಷೌರಿಕರಿಗೆ ತರಬೇತಿ ಕೊಡುತ್ತದೆ. ಕಪ್ಪು ಗಂಡಸು ವೈದ್ಯರ ಮುಂದೆ ಆಡದ ಮಾತನ್ನು ಕ್ಷೌರದಂಗಡಿಯ ಕುರ್ಚಿಯಲ್ಲಿ ಆಡುತ್ತಾನೆ. ಹೆಂಗಸರಿಗಾಗಿ ಜಾಯ್ ಹಾರ್ಡನ್ ಬ್ರ್ಯಾಡ್‌ಫರ್ಡ್ ಕಟ್ಟಿದ ಜಾಲವಿದೆ, ‘ನಾನು ಗಟ್ಟಿ, ನನಗೇನೂ ಆಗುವುದಿಲ್ಲ’ ಎಂದುಕೊಂಡೇ ಒಳಗೊಳಗೆ ಬೇಯುವ ಹೆಂಗಸರನ್ನು ಅದು ಮಾತಿಗೆ ಎಳೆಯುತ್ತದೆ. ಆದರೆ ಇದನ್ನೆಲ್ಲ ಹೊಗಳುತ್ತ ಸರ್ಕಾರ ಕೈತೊಳೆದುಕೊಳ್ಳಬಾರದು. ಕ್ಷೌರಿಕ ಗುಳಿಗೆ ಬರೆದುಕೊಡಲಾರ, ತೀವ್ರವಾಗಿ ಕೆರಳಿದವನಿಗೆ ಹಾಸಿಗೆ ಒದಗಿಸಲಾರ. 5ರಿಂದ 12 ವರ್ಷದೊಳಗಿನ ಕಪ್ಪು ಮಕ್ಕಳ ಆತ್ಮಹತ್ಯೆಯ ಪ್ರಮಾಣ ಅದೇ ವಯಸ್ಸಿನ ಬಿಳಿಯ ಮಕ್ಕಳ ಸುಮಾರು ಎರಡು ಪಟ್ಟು ಎಂದು ತಿಳಿದಿರುವ ದೇಶಕ್ಕೆ ಸ್ವಯಂಸೇವಕರ ದಯೆ ಸಾಲದು. ಆದರೂ ಪೊಲೀಸರ ಬದಲು ಆರೋಗ್ಯ ಕಾರ್ಯಕರ್ತರನ್ನು ಕಳಿಸುವ ಯೋಜನೆಗಳಿಗೆ ಮಾದರಿಯಾಗಿದ್ದ ಒರೆಗಾನ್‌ನ ಯೂಜೀನ್ ನಗರದ ‘ಕಹೂಟ್ಸ್’ ಸೇವೆ ಅಲ್ಲಿ 2025ರ ಏಪ್ರಿಲ್‌ನಲ್ಲಿ ನಿಂತೇಹೋಯಿತು.

ಇದು ದೂರದವರ ಸಂಗತಿ ಎಂದು ನಾವು ಓದಿ ಬದಿಗಿಡುವಂತಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ, ಸುಡಾನಿನವನೊಬ್ಬನ ಕಾರು ಒಬ್ಬ ಹೆಂಗಸಿನ ಸಾವಿಗೆ ಕಾರಣವಾಯಿತೆಂಬ ಸಿಟ್ಟಿಗೆ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಅವಳ ಮತ್ತು ಆ ಚಾಲಕನ ನಡುವೆ ಗುಂಪಿಗೆ ಕಂಡ ನಂಟು ಚರ್ಮದ ಬಣ್ಣವೊಂದೇ. ಆಫ್ರಿಕದಿಂದ ಓದಲು ಬಂದ ಮಕ್ಕಳು ಇವತ್ತೂ ನಮ್ಮ ನಡುವೆ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಇತ್ತ ಕರ್ನಾಟಕದ ಕಾಲೇಜುಗಳಲ್ಲಿ ಓದಿದ ವೈದ್ಯರು ಇಂಗ್ಲೆಂಡ್, ಅಮೆರಿಕದ ಮನೋರೋಗ ವಾರ್ಡುಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಕಪ್ಪು ರೋಗಿಯ ಕಡತಕ್ಕೆ ರೋಗದ ಹೆಸರು ಬರೆಯುವ ಪೆನ್ನು ಎಷ್ಟೋ ಸಲ ಅವರ ಕೈಯಲ್ಲಿದೆ.

ಆ ವೈದ್ಯರಲ್ಲಿ, ಇಲ್ಲಿನ ಆಪ್ತಸಮಾಲೋಚಕರಲ್ಲಿ, ಕಾಲೇಜು ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ಆಫ್ರಿಕದ ಹುಡುಗನೋ ಹುಡುಗಿಯೋ ಎದುರಿಗೆ ಕೂತು, ಬೀದಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಾರೆ, ನಿದ್ದೆ ಬರುತ್ತಿಲ್ಲ ಎಂದರೆ ತಕ್ಷಣ ಪೆನ್ನು ಎತ್ತಬೇಡಿ. ಯಾವ ಬೀದಿ, ಯಾರು ನೋಡಿದರು, ಏನೆಂದರು ಎಂದು ಕೇಳಿ. ಹೇಳಿದ್ದನ್ನು ಮೊದಲು ನಂಬಿ.